ಬೀಗದ ಆಸ್ಪತ್ರೆಯನ್ನು ಪಾಠಶಾಲೆಯಾಗಿಸಿದ ವೈದ್ಯ ಡಾ. ಎಂ.ವಿ. ಗೋವಿಂದಸ್ವಾಮಿ

ದುದ್ದ (ಮಂಡ್ಯ ತಾಲ್ಲೂಕು): ಹೋಬಳಿ ಕೇಂದ್ರವಾದ ಈ ಊರಾಗಲಿ, ಅತ್ತ ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಾಗಲಿ, ಮನೆಯಲ್ಲಿ ಒಬ್ಬರ ಮನಸ್ಸು ಹದಗೆಟ್ಟಾಗ ಮೊದಲು ನಡೆಯುವುದು ಕಾಯಿಲೆಗೊಂದು ಹೆಸರಿಡುವ ಕಾರ್ಯ. ಗಾಳಿ ಸೋಕಿದೆ ಎನ್ನುವವರುಂಟು. ಯಾರೋ ಮಾಟ ಮಾಡಿಸಿದ್ದಾರೆ ಎನ್ನುವವರುಂಟು. ಮದುವೆ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಹೇಳುವ ಹಿರಿಯರೂ ಉಂಟು. ತಾಯತ, ಹರಕೆ, ಅಮಾವಾಸ್ಯೆಯ ಪೂಜೆಗಳೆಲ್ಲ ಮುಗಿದು, ಕೈಯಲ್ಲಿದ್ದ ಕಾಸೂ ಕರಗಿದ ಮೇಲೆ ಯಾರಾದರೊಬ್ಬರು ತಗ್ಗಿದ ದನಿಯಲ್ಲಿ ಬೆಂಗಳೂರಿನ ಆಸ್ಪತ್ರೆಯ ಮಾತೆತ್ತುತ್ತಾರೆ.

ನಗರದ ಓದುಗರು ಇದನ್ನು ಹಳ್ಳಿಯ ಅಜ್ಞಾನವೆಂದು ಬದಿಗೆ ಸರಿಸುವಂತಿಲ್ಲ. ಬಡಾವಣೆಯ ಮನೆಗಳಲ್ಲಿ ತಾಯತದ ಬದಲು ಬೇರೆ ನೆಪಗಳಿರುತ್ತವೆ. ಕೆಲಸದ ಒತ್ತಡ, ನಿದ್ದೆ ಸಾಲದು, ಊರು ಬದಲಾದರೆ ಸರಿಯಾದೀತು ಎಂಬ ಸಮಾಧಾನಗಳಿರುತ್ತವೆ. ತಡವಾಗುವುದು ಎರಡೂ ಕಡೆ ಒಂದೇ.

ಆ ತಗ್ಗಿದ ದನಿ ಹೆಸರಿಸುವ ಆಸ್ಪತ್ರೆ ನಿಮ್ಹಾನ್ಸ್. ಹೊಸೂರು ರಸ್ತೆಯ ಆ ಆವರಣಕ್ಕೆ ನಾಡಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಅಲ್ಲಿ ಒಂದು ಕಟ್ಟಡಕ್ಕೆ ಗೋವಿಂದಸ್ವಾಮಿ ಕೇಂದ್ರ ಎಂಬ ಹೆಸರಿದೆ. ಅದರ ಮುಂದೆ ಓಡಾಡುವ ಬಹುತೇಕರಿಗೆ ಆ ಗೋವಿಂದಸ್ವಾಮಿ ಯಾರೆಂದು ಕೇಳುವ ಬಿಡುವಿರುವುದಿಲ್ಲ. ಅವರ ಚಿಂತೆಯೇ ಅವರಿಗೆ ಸಾಕಷ್ಟಿರುತ್ತದೆ. ಆದರೆ ಭಾರತದ ಮನೋವೈದ್ಯಕೀಯದ ಚರಿತ್ರೆಯಲ್ಲಿ ಡಾ. ಎಂ.ವಿ. ಗೋವಿಂದಸ್ವಾಮಿ ಅವರದು ಮೊದಲ ಸಾಲಿನ ಹೆಸರು. 1961ರಲ್ಲಿ ಅವರು ತೀರಿಕೊಂಡಾಗ ನಿಮ್ಹಾನ್ಸ್ ಎಂಬ ಹೆಸರೇ ಹುಟ್ಟಿರಲಿಲ್ಲ.

ಅವರಿಗೂ ಮುನ್ನ

ಗೋವಿಂದಸ್ವಾಮಿ ಅವರ ಕೆಲಸದ ತೂಕ ತಿಳಿಯಬೇಕಾದರೆ ಅವರ ಕೈಗೆ ಬಂದದ್ದು ಏನೆಂಬುದನ್ನು ನೋಡಬೇಕು. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದ ಕಾಲದಲ್ಲಿ, 1847ರಲ್ಲಿ, ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ಸರ್ಜನ್ ಬೆಂಗಳೂರಿನಲ್ಲಿ ಬುದ್ಧಿಭ್ರಮಣೆಯಾದವರಿಗಾಗಿ ಒಂದು ಆಶ್ರಯಧಾಮ ತೆರೆದರು. ಜನ ಅದನ್ನು ಹುಚ್ಚಾಸ್ಪತ್ರೆ ಎಂದರು. ಆ ಹೆಸರು ಕಟ್ಟಡಕ್ಕಿಂತ ಗಟ್ಟಿಯಾಗಿ ನಿಂತಿತು. ಕಟ್ಟಡ ಬದಲಾಯಿತು, ಸರ್ಕಾರಗಳು ಬದಲಾದವು, ಹೆಸರು ಮಾತ್ರ ಮಕ್ಕಳನ್ನು ಹೆದರಿಸಲು, ಗೆಳೆಯರನ್ನು ಗೇಲಿ ಮಾಡಲು ಉಳಿದುಬಂತು.

ಅಂದಿನ ಆಶ್ರಯಧಾಮಗಳ ಉದ್ದೇಶ ಮುಖ್ಯವಾಗಿ ರಕ್ಷಣೆ. ರೋಗಿಯಿಂದ ಊರಿಗೆ, ಊರಿನಿಂದ ರೋಗಿಗೆ ಅಪಾಯವಾಗದಂತೆ ಗೋಡೆಯೊಳಗಿಡುವುದು. ಬ್ರಿಟಿಷ್ ಇಂಡಿಯಾದಲ್ಲಿ ಜಾರಿಯಾದ 1912ರ ಲ್ಯೂನಸಿ ಕಾಯ್ದೆಯ ತಿರುಳೂ ಅದೇ ಆಗಿತ್ತು. ಒಳಗೆ ಸೇರಿಸಲು ಮ್ಯಾಜಿಸ್ಟ್ರೇಟರ ಆದೇಶ, ಹೊರಗೆ ಬಿಡಲು ಮತ್ತೆ ಕಾಗದಪತ್ರ. ಒಳಗೆ ಹೋದವರಲ್ಲಿ ಎಲ್ಲರೂ ಒಂದೇ ಬಗೆಯ ರೋಗಿಗಳೂ ಆಗಿರಲಿಲ್ಲ. ಇಂದು ಸ್ಕಿಜೋಫ್ರೇನಿಯಾ ಎಂದು ಕರೆಯುವ ಚಿತ್ತವಿಕಲತೆ, ತೀವ್ರ ಖಿನ್ನತೆ, ಉನ್ಮಾದ, ಮೂರ್ಛೆರೋಗ, ಮೆದುಳಿಗೇರಿದ ಸಿಫಿಲಿಸ್, ಹುಟ್ಟಿನಿಂದ ಬಂದ ಬುದ್ಧಿಮಾಂದ್ಯ, ಕುಡಿತದ ದುಷ್ಪರಿಣಾಮ ಎಲ್ಲವೂ ಹುಚ್ಚು ಎಂಬ ಒಂದೇ ಹಣೆಪಟ್ಟಿಯಡಿ ಬರುತ್ತಿದ್ದವು.

ಮೈಸೂರು ಸಂಸ್ಥಾನದಲ್ಲಿ ಗಾಳಿ ಬದಲಾದದ್ದು ಇಪ್ಪತ್ತನೇ ಶತಮಾನದ ಮೂರನೇ ದಶಕದಲ್ಲಿ. ಆಶ್ರಯಧಾಮದ ಮುಖ್ಯಸ್ಥರಾಗಿದ್ದ ಡಾ. ಫ್ರಾಂಕ್ ನೊರೋನ್ಹಾ ಅವರ ಕಾಲದಲ್ಲಿ, 1925ರಲ್ಲಿ, ಅದರ ಹೆಸರು ಅಧಿಕೃತವಾಗಿ ಮಾನಸಿಕ ಆಸ್ಪತ್ರೆ ಎಂದಾಯಿತು. ಹೆಸರು ಬದಲಿಸಿದ ಮಾತ್ರಕ್ಕೆ ಏನಾದೀತು ಎಂದು ಕೇಳಬಹುದು. ಆದರೆ ಆಸ್ಪತ್ರೆ ಎಂದ ಮೇಲೆ ಅಲ್ಲಿ ಚಿಕಿತ್ಸೆ ಇರಬೇಕು, ಗುಣವಾದವರು ಮನೆಗೆ ಹೋಗಬೇಕು, ಹೊಸಬರು ಬರಬೇಕು. ಆಶ್ರಯಧಾಮಕ್ಕೆ ಈ ಯಾವ ಹೊಣೆಯೂ ಇರಲಿಲ್ಲ.

1926ರಲ್ಲಿ ದಿವಾನರಾದ ಮಿರ್ಜಾ ಇಸ್ಮಾಯಿಲ್ ಅವರಿಗೆ ಕಟ್ಟಡ, ತೋಟ, ಬೀದಿಗಳ ಸೊಬಗಿನ ಬಗ್ಗೆ ಇದ್ದ ಆಸ್ಥೆ ನಾಡಿಗೆಲ್ಲ ಗೊತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಆ ಕಾಲದಲ್ಲಿ ಮಾನಸಿಕ ಆಸ್ಪತ್ರೆಗೂ ಊರ ಗಿಜಿಗಿಜಿಯಿಂದ ಹೊರಗೆ, ಲಕ್ಕಸಂದ್ರದ ಬಳಿ, ವಿಶಾಲ ಜಾಗ ಸಿಕ್ಕಿತು. 1930ರ ದಶಕದ ಉತ್ತರಾರ್ಧದಲ್ಲಿ ಹೊಸ ಕಲ್ಲುಕಟ್ಟಡಗಳಿಗೆ ಆಸ್ಪತ್ರೆ ಸ್ಥಳಾಂತರವಾಯಿತು. ಗಾಳಿ ಬೆಳಕು ಬರುವ ವಾರ್ಡುಗಳು, ನಡುವೆ ಮರಗಿಡಗಳು. ಇಂದಿಗೂ ಆ ಹಳೆಯ ಭಾಗದಲ್ಲಿ ನಡೆದರೆ ಆ ಕಾಲದ ಆಲೋಚನೆಯ ಘನತೆ ಗೊತ್ತಾಗುತ್ತದೆ.

ಮಂಡ್ಯ ಆಗಿನ್ನೂ ಮೈಸೂರು ಜಿಲ್ಲೆಯ ಭಾಗ. ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ದುದ್ದದಂಥ ಊರಿನಿಂದ ಲಕ್ಕಸಂದ್ರದವರೆಗೆ ರೋಗಿಯನ್ನು ಕರೆದೊಯ್ಯುವುದೆಂದರೆ ಆಗ ಎತ್ತಿನ ಗಾಡಿ, ರೈಲು, ಮತ್ತೆ ಜಟಕಾ ಎಂಬ ಲೆಕ್ಕ. ಗಲಾಟೆ ಮಾಡುವ ರೋಗಿಯನ್ನಾದರೆ ಹಗ್ಗ ಕಟ್ಟಿಯೇ ಕರೆತರಬೇಕಾಗುತ್ತಿತ್ತು. ಸುಮ್ಮನೆ ಮೂಲೆ ಹಿಡಿದು ಕೂತು ಒಳಗೊಳಗೇ ಕರಗುವ ಖಿನ್ನತೆಯ ರೋಗಿಯನ್ನು ಇಷ್ಟು ದೂರ ಯಾರು ಕರೆತಂದಾರು? ಆಸ್ಪತ್ರೆ ಕಂಡದ್ದು ಗದ್ದಲದ ಕಾಯಿಲೆಗಳನ್ನು ಮಾತ್ರ.

ವಿದೇಶದ ಕಲಿಕೆ, ಸ್ವದೇಶದ ವಾರ್ಡು

ಈ ಹಂತದಲ್ಲಿ ಗೋವಿಂದಸ್ವಾಮಿ ಬರುತ್ತಾರೆ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಹುಟ್ಟಿದ ಅವರು ವೈದ್ಯ ಪದವಿ ಪಡೆದು, ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಮನೋವೈದ್ಯಕೀಯದ ಹೆಚ್ಚಿನ ತರಬೇತಿ ಮುಗಿಸಿ, ಸಂಸ್ಥಾನದ ಸೇವೆಗೆ ನಿಂತವರು. 1930ರ ದಶಕದಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಸೇರಿ, ನೊರೋನ್ಹಾ ಅವರ ನಂತರ ಅದರ ಮುಖ್ಯಸ್ಥರಾದರು.

ಆ ಕಾಲದ ಅಮೆರಿಕದಲ್ಲಿ ಅಡಾಲ್ಫ್ ಮೇಯರ್ ಎಂಬ ವೈದ್ಯರ ವಿಚಾರಧಾರೆ ಪ್ರಬಲವಾಗಿತ್ತು. ರೋಗಿಯ ಬಾಲ್ಯ, ಓದು, ಮನೆಯ ಕಷ್ಟ, ದೇಹದ ಕಾಯಿಲೆ, ಸಾವುನೋವು ಎಲ್ಲವನ್ನೂ ವರ್ಷವಾರು ಬರೆದಿಟ್ಟು, ಆ ಬಾಳಿನ ಹಿನ್ನೆಲೆಯಲ್ಲಿ ಕಾಯಿಲೆಯನ್ನು ಅರ್ಥ ಮಾಡಿಕೊಳ್ಳಬೇಕೆಂಬುದು ಅದರ ಸಾರ. ಇಂದು ಯಾವುದೇ ಮನೋವೈದ್ಯರ ಬಳಿ ಹೋದರೂ ಮೊದಲ ಭೇಟಿಯಲ್ಲಿ ಮುಕ್ಕಾಲು ಗಂಟೆ ಪ್ರಶ್ನೆಗಳೇ ಆಗುತ್ತವೆ. ಅಪ್ಪನಿಗೆ ಏನಾಗಿತ್ತು, ಶಾಲೆ ಯಾವಾಗ ಬಿಟ್ಟದ್ದು, ನಿದ್ದೆ ಎಷ್ಟು ಗಂಟೆ ಎಂದೆಲ್ಲ ಕೇಳುತ್ತಾರೆ. ಜೊತೆಗೆ ಬಂದವರಿಗೆ ಅದು ಕಾಲಹರಣದಂತೆ ಕಾಣುವುದುಂಟು. ರಕ್ತಪರೀಕ್ಷೆಯಿಂದ ಈ ಕಾಯಿಲೆಗಳ ಪತ್ತೆಯಾಗುವುದಿಲ್ಲ. ಥೈರಾಯ್ಡ್ ಮುಂತಾದ ದೈಹಿಕ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು ಮಾತ್ರ ಅದು ಬೇಕು. ಉಳಿದ ಪತ್ತೆದಾರಿಕೆ ಈ ಪ್ರಶ್ನೆಗಳದ್ದೇ.

1937ರಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಮುಖ್ಯಸ್ಥ ಎಡ್ವರ್ಡ್ ಮೇಪೋದರ್ ಸಿಲೋನ್ ಸರ್ಕಾರದ ಆಹ್ವಾನದ ಮೇರೆಗೆ ಈ ಕಡೆ ಬಂದಾಗ ಭಾರತದ ಹಲವು ಮಾನಸಿಕ ಆಸ್ಪತ್ರೆಗಳನ್ನೂ ನೋಡಿದರು. ಬಹುತೇಕ ಕಡೆ ಅವರು ಕಂಡದ್ದು ಕಿಕ್ಕಿರಿದ ಕೋಣೆಗಳು, ವೈದ್ಯರ ಕೊರತೆ, ಸರ್ಕಾರದ ಅಸಡ್ಡೆ. ತಮ್ಮ ವರದಿಯಲ್ಲಿ ಅವರು ಬ್ರಿಟಿಷ್ ಆಡಳಿತವನ್ನು ಕಟುವಾಗಿಯೇ ಟೀಕಿಸಿದರು. ಅವರ ಮೆಚ್ಚುಗೆಗೆ ಪಾತ್ರವಾದ ಅಪರೂಪದ ಆಸ್ಪತ್ರೆ ಬೆಂಗಳೂರಿನದು. ಬ್ರಿಟಿಷರು ನೇರವಾಗಿ ಆಳುತ್ತಿದ್ದ ಪ್ರಾಂತಗಳಿಗಿಂತ ಒಬ್ಬ ದೇಶೀಯ ಅರಸರ ಸಂಸ್ಥಾನ ಈ ವಿಷಯದಲ್ಲಿ ಮುಂದಿತ್ತು. ಈ ಸಂಗತಿಯನ್ನು ನಮ್ಮ ಪಠ್ಯಪುಸ್ತಕಗಳು ಕನ್ನಂಬಾಡಿ ಕಟ್ಟೆಯ ಪಕ್ಕದಲ್ಲಿ ಒಂದು ಸಾಲಿನಲ್ಲಾದರೂ ಹೇಳಬಹುದಿತ್ತು.

ಔಷಧವಿಲ್ಲದ ಕಾಲದ ಚಿಕಿತ್ಸೆ

ಗೋವಿಂದಸ್ವಾಮಿ ಕೆಲಸ ಆರಂಭಿಸಿದಾಗ ಮನೋರೋಗಕ್ಕೆ ಪರಿಣಾಮಕಾರಿಯಾದ ಒಂದು ಮಾತ್ರೆಯೂ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. ನಿದ್ದೆ ಬರಿಸುವ ಔಷಧಗಳಿದ್ದವು, ಅಷ್ಟೆ. 1930ರ ದಶಕದಲ್ಲಿ ಯುರೋಪಿನಿಂದ ಒಂದರ ಹಿಂದೊಂದು ಹೊಸ ವಿಧಾನಗಳು ಬಂದವು. ಇನ್ಸುಲಿನ್ ಕೊಟ್ಟು ರೋಗಿಯನ್ನು ಕೆಲಕಾಲ ಪ್ರಜ್ಞೆ ತಪ್ಪಿಸುವುದು ಒಂದು. ಕಾರ್ಡಿಯಾಜೋಲ್ ಎಂಬ ಔಷಧ ಚುಚ್ಚಿ ಸೆಳವು ಬರಿಸುವುದು ಇನ್ನೊಂದು. 1938ರಲ್ಲಿ ಇಟಲಿಯಲ್ಲಿ ವಿದ್ಯುತ್ತಿನಿಂದ ಸೆಳವು ಬರಿಸುವ ವಿಧಾನ ಬಂತು. ಪೋರ್ಚುಗಲ್ಲಿನ ಎಗಾಸ್ ಮೋನಿಜ್ 1935ರಲ್ಲಿ ಮೆದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ಆರಂಭಿಸಿದರು. ಅದಕ್ಕೆ 1949ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು.

ಬೆಂಗಳೂರಿನ ಆಸ್ಪತ್ರೆ ಇವುಗಳನ್ನು ಬೇಗನೆ ಕೈಗೆತ್ತಿಕೊಂಡಿತು. ಗೋವಿಂದಸ್ವಾಮಿ ಮತ್ತು ಅವರ ಸಹೋದ್ಯೋಗಿ ಶಸ್ತ್ರವೈದ್ಯರು ಭಾರತೀಯ ರೋಗಿಗಳ ಮೇಲೆ ನಡೆಸಿದ ಈ ಮೆದುಳಿನ ಶಸ್ತ್ರಚಿಕಿತ್ಸೆಯ ವರದಿ 1944ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಯುದ್ಧದ ಕಾಲದಲ್ಲಿ, ಒಂದು ಸಂಸ್ಥಾನದ ಆಸ್ಪತ್ರೆಯಿಂದ ಹೋದ ಲೇಖನವದು.

ಇಲ್ಲಿ ಜೀವನಚಿತ್ರ ಬರೆಯುವವರು ಸಾಮಾನ್ಯವಾಗಿ ಹೊಗಳಿ ಮುಂದೆ ಸಾಗುತ್ತಾರೆ. ಹಾಗೆ ಮಾಡುವುದು ಸರಿಯಲ್ಲ. ಆ ಶಸ್ತ್ರಚಿಕಿತ್ಸೆ ಅನೇಕರ ವ್ಯಕ್ತಿತ್ವವನ್ನೇ ಮಂಕಾಗಿಸಿತೆಂದು ಮುಂದಿನ ವರ್ಷಗಳಲ್ಲಿ ಜಗತ್ತು ಅರಿತು ಅದನ್ನು ಕೈಬಿಟ್ಟಿತು. ಇನ್ಸುಲಿನ್ ಚಿಕಿತ್ಸೆಯೂ ಮರೆಯಾಯಿತು. ವರ್ಷಗಟ್ಟಲೆ ಬಟ್ಟೆ ಹರಿದುಕೊಂಡು, ಊಟ ಬಿಟ್ಟು ನರಳುವವರ ಮುಂದೆ ಕೈಕಟ್ಟಿ ನಿಲ್ಲಲಾರದ ವೈದ್ಯರು ಸಿಕ್ಕ ದಾರಿ ಹಿಡಿದರು. ಅದನ್ನು ಇಂದಿನ ಮಾನದಂಡದಿಂದ ಅಳೆದು ದೂಷಿಸುವುದೂ ಸುಲಭ, ಅದರ ಬೆಲೆ ತೆತ್ತ ರೋಗಿಗಳನ್ನು ಮರೆಯುವುದೂ ಸುಲಭ.

ಆ ಪಟ್ಟಿಯಲ್ಲಿ ಉಳಿದುಕೊಂಡದ್ದು ವಿದ್ಯುತ್ ಚಿಕಿತ್ಸೆ ಒಂದೇ. ಸಿನಿಮಾಗಳು ಅದನ್ನು ಶಿಕ್ಷೆಯಂತೆ ತೋರಿಸಿ ಜನರಲ್ಲಿ ಅಪಾರ ಭಯ ತುಂಬಿವೆ. ಈಗ ಅದನ್ನು ಅರಿವಳಿಕೆ ಹಾಗೂ ಸ್ನಾಯು ಸಡಿಲಿಸುವ ಔಷಧ ಕೊಟ್ಟೇ ನೀಡಬೇಕು. ಇವಿಲ್ಲದೆ ನೀಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಊಟ ನೀರು ಬಿಟ್ಟ, ಸಾಯುವ ಹಟಕ್ಕೆ ಬಿದ್ದ ತೀವ್ರ ಖಿನ್ನತೆಯ ರೋಗಿಗಳಲ್ಲಿ ಅದರಷ್ಟು ಬೇಗ ಫಲ ಕೊಡುವ ಚಿಕಿತ್ಸೆ ಇನ್ನೊಂದಿಲ್ಲವೆಂಬುದು ವೈದ್ಯಲೋಕದ ಅನುಭವ. ಕೆಲಕಾಲದ ಮರೆವು ಅದರ ಮುಖ್ಯ ಅಡ್ಡಪರಿಣಾಮ.

ಹಾಸಿಗೆಯ ಲೆಕ್ಕ ತಪ್ಪಿದಾಗ

1943ರಲ್ಲಿ ಸರ್ ಜೋಸೆಫ್ ಬೋರ್ ಅಧ್ಯಕ್ಷತೆಯಲ್ಲಿ ದೇಶದ ಆರೋಗ್ಯ ವ್ಯವಸ್ಥೆಯ ಪರಿಶೀಲನೆಗೆ ಸಮಿತಿ ರಚನೆಯಾಯಿತು. ಅದರ ವರದಿ ಬಂದದ್ದು 1946ರಲ್ಲಿ. ಮಾನಸಿಕ ಆಸ್ಪತ್ರೆಗಳನ್ನು ಸುತ್ತಿ ನೋಡಲು ರಾಂಚಿಯ ಆಸ್ಪತ್ರೆಯ ಮೇಲ್ವಿಚಾರಕ ಮೂರ್ ಟೇಲರ್ ಅವರಿಗೆ ಹೊಣೆ ವಹಿಸಲಾಗಿತ್ತು. ದೇಶದ 19 ಮಾನಸಿಕ ಆಸ್ಪತ್ರೆಗಳಲ್ಲಿ ಹಾಸಿಗೆಗಳಿದ್ದದ್ದು ಹತ್ತು ಸಾವಿರಕ್ಕೆ ತುಸು ಹೆಚ್ಚು. ಸಾವಿರಕ್ಕೆ ಇಬ್ಬರು ರೋಗಿಗಳೆಂದು ಹಿಡಿದರೂ ದೇಶದಲ್ಲಿ 8 ಲಕ್ಷ ಮನೋರೋಗಿಗಳಿರಬೇಕೆಂದು ಸಮಿತಿ ಅಂದಾಜಿಸಿತು. ಅಂದರೆ ಒಂದು ಹಾಸಿಗೆಗೆ ಎಂಬತ್ತು ಮಂದಿ. ಕಾಯಿಲೆಯ ಸೌಮ್ಯ ರೂಪಗಳು ಆ ಲೆಕ್ಕದಲ್ಲಿ ಇರಲೇ ಇಲ್ಲ.

ಹಾಸಿಗೆ ಹೆಚ್ಚಿಸಿ ಈ ಕಂದಕ ತುಂಬುವುದು ಯಾವ ಸರ್ಕಾರಕ್ಕೂ ಆಗದ ಮಾತು. ಹಾಸಿಗೆ ಹಾಕಿದರೂ ನೋಡಿಕೊಳ್ಳುವವರು ಎಲ್ಲಿ? ಮನೋವೈದ್ಯರಾಗಬೇಕಾದರೆ ಬಹುಮಟ್ಟಿಗೆ ಇಂಗ್ಲೆಂಡಿಗೇ ಹೋಗಬೇಕಿತ್ತು. ಮನಃಶಾಸ್ತ್ರ ಓದಿದವರು ಕಾಲೇಜಿನ ಪ್ರಯೋಗಾಲಯದಲ್ಲಿದ್ದರು, ವಾರ್ಡಿನಲ್ಲಿರಲಿಲ್ಲ. ಮನೋರೋಗಿಗಳ ಶುಶ್ರೂಷೆಯನ್ನೇ ಕಲಿತ ದಾದಿಯರು ಇಲ್ಲವೇ ಇಲ್ಲ ಎನ್ನುವಷ್ಟು ವಿರಳ. ಬೋರ್ ಸಮಿತಿ ಅಖಿಲ ಭಾರತ ಮಟ್ಟದ ತರಬೇತಿ ಸಂಸ್ಥೆಯೊಂದನ್ನು ಶಿಫಾರಸು ಮಾಡಿದ್ದು ಈ ಕಾರಣಕ್ಕೆ.

ಆ ಸಂಸ್ಥೆ ಬೆಂಗಳೂರಿಗೆ ಬಂದದ್ದರ ಹಿಂದೆ ಗೋವಿಂದಸ್ವಾಮಿ ಅವರ ವರ್ಷಗಳ ದುಡಿಮೆಯಿದೆ. ತೋರಿಸಲು ಒಂದು ಒಳ್ಳೆಯ ಆಸ್ಪತ್ರೆ ಅವರ ಬಳಿ ಇತ್ತು. ಭಾರತ ಸರ್ಕಾರ ಮತ್ತು ಮೈಸೂರು ಸರ್ಕಾರಗಳ ಸಹಯೋಗದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆಸ್ಪತ್ರೆಯ ಆವರಣದಲ್ಲೇ ಆರಂಭವಾಯಿತು. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1955ರಲ್ಲಿ ತರಗತಿಗಳು ಆರಂಭವಾದವು. ವೈದ್ಯರಿಗೆ ಒಂದು ಡಿಪ್ಲೊಮಾ, ಮನಃಶಾಸ್ತ್ರದ ಸ್ನಾತಕೋತ್ತರ ಪದವೀಧರರಿಗೆ ಇನ್ನೊಂದು. ದಾದಿಯರ ತರಬೇತಿಯೂ ಬಂತು. ಜರ್ಮನಿಯಿಂದ ನಾಜಿಗಳ ಕಾಟಕ್ಕೆ ಇಂಗ್ಲೆಂಡಿಗೆ ವಲಸೆ ಹೋಗಿದ್ದ ಪ್ರಖ್ಯಾತ ಮನೋವೈದ್ಯ ವಿಲ್ಲಿ ಮೇಯರ್-ಗ್ರಾಸ್ ಸಲಹೆಗಾರರಾಗಿ ಬೆಂಗಳೂರಿಗೆ ಬಂದಿದ್ದರು.

ಈ ಏರ್ಪಾಟಿನಲ್ಲಿ ಒಂದು ಹೊಸತನವಿತ್ತು. ವೈದ್ಯ ಒಬ್ಬನೇ ಸರ್ವಜ್ಞನೆಂಬ ನಂಬಿಕೆಯನ್ನು ಬಿಟ್ಟು ಮನೋವೈದ್ಯ, ಮನಃಶಾಸ್ತ್ರಜ್ಞ, ದಾದಿ ಒಂದೇ ವಾರ್ಡಿನಲ್ಲಿ ಜೊತೆಯಾಗಿ ಕಲಿಯಬೇಕೆಂಬುದು ಅದರ ಹೂರಣ. ಭಾರತೀಯ ದರ್ಶನಗಳಲ್ಲಿ ಗೋವಿಂದಸ್ವಾಮಿ ಅವರಿಗೆ ಆಳವಾದ ಆಸಕ್ತಿಯಿತ್ತು. ಮನಸ್ಸನ್ನು ಕುರಿತು ಈ ನೆಲದಲ್ಲಿ ನಡೆದ ಚಿಂತನೆ ವಿದ್ಯಾರ್ಥಿಗಳಿಗೆ ತಿಳಿದಿರಬೇಕೆಂಬ ನಿಲುವು ಅವರದು. ಮುಂದೆ ಆಗಮ, ಶಿಲ್ಪ, ಸಂಗೀತ, ಬೌದ್ಧ ದರ್ಶನಗಳ ವಿದ್ವಾಂಸರಾಗಿ ಕನ್ನಡಿಗರಿಗೆಲ್ಲ ಪರಿಚಿತರಾದ ಸಾ.ಕೃ. ರಾಮಚಂದ್ರರಾಯರು ಈ ಸಂಸ್ಥೆಯಲ್ಲಿ ಪಾಠ ಹೇಳಿದವರು. ಹಾಗೆಂದು ಸಂಸ್ಥೆ ಪಾಶ್ಚಾತ್ಯ ವೈದ್ಯಕೀಯಕ್ಕೆ ಬೆನ್ನು ಹಾಕಲಿಲ್ಲ. ಪಕ್ಕದ ಕೋಣೆಯಲ್ಲಿ ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಯಂತ್ರವೂ ಕೆಲಸ ಮಾಡುತ್ತಿತ್ತು. 1958ರಲ್ಲಿ ನರಶಸ್ತ್ರವೈದ್ಯ ಡಾ. ಆರ್.ಎಂ. ವರ್ಮ ಬಂದು ಸೇರಿದರು.

ಇಲ್ಲಿ ಕಲಿತವರು ದೇಶದ ತುಂಬ ಹರಡಿದರು. ಮಂಗಳೂರಿನಲ್ಲಿ ಹುಟ್ಟಿದ ಡಾ. ಶಾರದಾ ಮೆನನ್ ಅವರಲ್ಲೊಬ್ಬರು. ಭಾರತದ ಮೊದಲ ಮಹಿಳಾ ಮನೋವೈದ್ಯೆ ಎಂದು ಹೆಸರಾದ ಅವರು 1961ರಿಂದ 1978ರವರೆಗೆ ಮದರಾಸಿನ ಮಾನಸಿಕ ಆಸ್ಪತ್ರೆಯನ್ನು ನಡೆಸಿ, 1984ರಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳಿಗಾಗಿ ಸ್ಕಾರ್ಫ್ ಎಂಬ ಸಂಸ್ಥೆ ಕಟ್ಟಿದರು. 2021ರಲ್ಲಿ, 98ರ ವಯಸ್ಸಿನಲ್ಲಿ ನಿಧನರಾದರು.

ಮಾತ್ರೆ ಬಂತು, ಬಾಗಿಲು ತೆರೆಯಿತು

ಸಂಸ್ಥೆ ಹುಟ್ಟಿದ ಗಳಿಗೆ ಚೆನ್ನಾಗಿತ್ತು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧ ಮನೋರೋಗಿಗಳ ಭ್ರಮೆ, ಉದ್ರೇಕಗಳನ್ನು ತಗ್ಗಿಸುವುದು ಕಂಡುಬಂತು. ಸುಮಾರು ಅದೇ ಹೊತ್ತಿಗೆ ನಮ್ಮ ಸರ್ಪಗಂಧದ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಲಾಯಿತು. ಆ ಬೇರಿನ ಗುಣವನ್ನು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ವೈದ್ಯಪತ್ರಿಕೆಯಲ್ಲಿ ಬರೆದಿದ್ದರು. ಪಶ್ಚಿಮ ಅದನ್ನು ಗಮನಿಸಲು ಎರಡು ದಶಕ ಬೇಕಾಯಿತು. 1950ರ ದಶಕ ಮುಗಿಯುವಷ್ಟರಲ್ಲಿ ಖಿನ್ನತೆಗೂ ಮಾತ್ರೆಗಳು ಬಂದವು.

ಹತ್ತು ವರ್ಷ ವಾರ್ಡಿನಲ್ಲಿ ಇರಬೇಕಾದವರು ಕೆಲವು ತಿಂಗಳಲ್ಲಿ ಮನೆಗೆ ಹೋಗಬಹುದೆಂಬುದು ವೈದ್ಯರಿಗೇ ಅಚ್ಚರಿಯ ಸಂಗತಿಯಾಗಿತ್ತು. ಆದರೆ ಮನೆಗೆ ಹೋದವರು ಮಾತ್ರೆ ಬಿಟ್ಟು ಮತ್ತೆ ಮರಳುತ್ತಿದ್ದರು. ಮನೆಯವರಿಗೆ ಕಾಯಿಲೆ ಏನೆಂದು ಹೇಳಿಕೊಟ್ಟವರಿರಲಿಲ್ಲ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ಆವರಣದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ರೋಗಿ ಬೇಗ ಚೇತರಿಸಿಕೊಂಡರು, ಮನೆಯವರ ಭಯವೂ ಹೋಯಿತು. ಬೆಂಗಳೂರಿನಲ್ಲೂ ಮುಂದೆ ಕುಟುಂಬ ವಾರ್ಡು ಬಂದಿತು. ಪಶ್ಚಿಮದ ಆಸ್ಪತ್ರೆಗಳಿಗೆ ಇದು ಹೊಸ ವಿಚಾರ. ಕೆ.ಆರ್. ಆಸ್ಪತ್ರೆಯ ಜಗುಲಿಯಲ್ಲಿ ಸೊಪ್ಪಿನ ಸಾರಿನ ಕ್ಯಾರಿಯರ್ ಹಿಡಿದು ಕೂತ ನೆಂಟರನ್ನು ಕಂಡವರಿಗೆ ಹೊಸತಲ್ಲ.

1961ರಲ್ಲಿ ಗೋವಿಂದಸ್ವಾಮಿ ನಿಧನರಾದರು. ಅರವತ್ತೂ ತುಂಬಿರಲಿಲ್ಲ. ಅವರ ಜೊತೆಗಾರರಾಗಿ ದುಡಿದ ಡಾ. ಡಿ.ಎಲ್.ಎನ್. ಮೂರ್ತಿರಾವ್ ಸಂಸ್ಥೆಯ ಹೊಣೆ ಹೊತ್ತವರಲ್ಲಿ ಪ್ರಮುಖರು. ರಾಜ್ಯ ಸರ್ಕಾರದ ಮಾನಸಿಕ ಆಸ್ಪತ್ರೆ ಮತ್ತು ಕೇಂದ್ರದ ತರಬೇತಿ ಸಂಸ್ಥೆ ಎಂಬ ಎರಡು ಆಡಳಿತಗಳು ಒಂದೇ ಆವರಣದಲ್ಲಿ ಮುಂದುವರಿದು, 1974ರ ಡಿಸೆಂಬರ್ 27ರಂದು ಒಂದಾದಾಗ ನಿಮ್ಹಾನ್ಸ್ ಹುಟ್ಟಿತು. ಡಾ. ವರ್ಮ ಅದರ ಮೊದಲ ನಿರ್ದೇಶಕರು.

ಲಕ್ಕಸಂದ್ರದಿಂದ ಹೋಬಳಿಗೆ

ನಿಮ್ಹಾನ್ಸ್ ಹುಟ್ಟಿದ ಮರುವರ್ಷವೇ ಸಮುದಾಯ ಮನೋವೈದ್ಯಕೀಯ ಘಟಕ ಶುರುವಾಯಿತು. ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸಲು ಕಲಿಸಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಕಲಿಸಬಹುದೆಂದು ಗೊತ್ತಾಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನೇ ದೊಡ್ಡದಾಗಿ ಮಾಡಿ ನೋಡಲಾಯಿತು. ಬಳ್ಳಾರಿಯ ಆ ಪ್ರಯೋಗವೇ 1996ರಲ್ಲಿ ದೇಶದ ಕೆಲವು ಜಿಲ್ಲೆಗಳಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ. ಒಂದು ಹಾಸಿಗೆಗೆ ಎಂಬತ್ತು ಮಂದಿ ಎಂಬ 1946ರ ಲೆಕ್ಕಕ್ಕೆ ಉತ್ತರ ಸಿಕ್ಕಿದ್ದು ಈ ದಾರಿಯಲ್ಲಿ. ಗೋವಿಂದಸ್ವಾಮಿ ತೆರೆದ ತರಗತಿ ಆಗ ಹಳ್ಳಿಯ ಜಗುಲಿಗೆ ಬಂದಿತ್ತು.

ಆದರೂ ಕೊರತೆ ದೊಡ್ಡದು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆಯಿತ್ತು. ಕಾಯಿಲೆಗೆ ಅನುಗುಣವಾಗಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. 2015ರಲ್ಲಿಯೇ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ಇಡೀ ರಾಜ್ಯವನ್ನು ಕಲಕಿದ್ದವು. ಸಾಲ, ಬೆಲೆ, ಕಾರ್ಖಾನೆಯ ಬಾಕಿಗಳ ಚರ್ಚೆ ನಡೆಯಿತು, ನ್ಯಾಯವಾಗಿಯೇ ನಡೆಯಿತು. ಸಾಲದ ಹೊರೆ ಮಾತ್ರೆಯಿಂದ ಇಳಿಯುವುದಿಲ್ಲ. ಆದರೆ ಆ ಹೊರೆಯಡಿ ನಿದ್ದೆಗೆಟ್ಟು, ಮಾತು ನಿಲ್ಲಿಸಿ, ತಾನಿದ್ದು ಯಾರಿಗೇನು ಎಂಬ ಹಂತ ತಲುಪಿದವನಿಗೆ ಖಿನ್ನತೆಯ ಚಿಕಿತ್ಸೆಯೂ ಬೇಕೆಂಬ ಮಾತು ಆ ಚರ್ಚೆಯಲ್ಲಿ ಕೇಳಿದ್ದು ಕಡಿಮೆ.

ಎರಡು ವಾರಕ್ಕೂ ಮೀರಿ ದಿನವಿಡೀ ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಸುಕಿನಲ್ಲೇ ಎಚ್ಚರವಾಗುವುದು, ಊಟ ಸೇರದಿರುವುದು ಖಿನ್ನತೆಯ ಸೂಚನೆಗಳು. ಇಲ್ಲದ ದನಿಗಳು ಕೇಳುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆಂಬ ಅಚಲ ನಂಬಿಕೆ, ಸ್ನಾನ ಬಟ್ಟೆಯ ಪರಿವೆ ತಪ್ಪುವುದು ಸ್ಕಿಜೋಫ್ರೇನಿಯಾದಲ್ಲಿ ಕಾಣುತ್ತವೆ. ನಿದ್ದೆಯೇ ಬೇಡವೆನಿಸುವ ಹುರುಪು, ಮಿತಿಮೀರಿದ ಮಾತು, ಬೇಕಾಬಿಟ್ಟಿ ಖರ್ಚು ಕೆಲವು ವಾರ, ಆಮೇಲೆ ಪಾತಾಳಕ್ಕಿಳಿದ ಮಂಕು ಎಂದು ಸುತ್ತುವುದು ಬೈಪೋಲಾರ್ ಕಾಯಿಲೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಬಾಣಂತಿಯ ನಡವಳಿಕೆ ಬದಲಾದರೆ ಅದನ್ನು ದೃಷ್ಟಿಯೆಂದು ಕಾಯುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ದುದ್ದದವರು ಇಂದು ಮೊದಲಿಗೇ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮೊದಲ ಮೆಟ್ಟಿಲು. ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಮದ್ದೂರು, ಮಳವಳ್ಳಿಯಂಥ ತಾಲ್ಲೂಕು ಆಸ್ಪತ್ರೆಗಳಿಗಾಗಿ ರಾಜ್ಯ ಸರ್ಕಾರ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರದ ಕ್ಲಿನಿಕ್ ಯೋಜನೆ ರೂಪಿಸಿತು. ಹೊರಡುವ ಮುನ್ನ ವೈದ್ಯರು ಯಾವ ದಿನ ಸಿಗುತ್ತಾರೆಂದು ಆಶಾ ಕಾರ್ಯಕರ್ತೆಯರನ್ನು ಕೇಳಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಯೋಚನೆ ಬರುತ್ತಿರುವವರೂ, ಅಂಥವರ ಮನೆಯವರೂ ಕರೆ ಮಾಡಬಹುದು.

ಕಾನೂನೂ ಬದಲಾಗಿದೆ. 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆ ಪ್ರತಿಯೊಬ್ಬರ ಹಕ್ಕು. ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟಿಹಾಕುವುದು ನಿಷಿದ್ಧ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಆರೋಗ್ಯ ವಿಮೆ ಕೊಡುವ ಕಂಪನಿಗಳು ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು.

ಓದಿ ತಿಳಿಯಬಯಸುವವರಿಗೆ ಕನ್ನಡದಲ್ಲಿ ಸಾಮಗ್ರಿಯ ಬಡತನವಿಲ್ಲ. ಕೊರವಂಜಿ ಮಾಸಪತ್ರಿಕೆಯ ಮೂಲಕ ಕನ್ನಡಿಗರನ್ನು ಕಾಲು ಶತಮಾನ ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳನ್ನು ಕುರಿತು ಬರೆದ ಮನಮಂಥನ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಬಸ್ ನಿಲ್ದಾಣದ ಅಂಗಡಿಗಳಲ್ಲೂ ಸಿಕ್ಕವು.

ಚಿಕಿತ್ಸೆಗೆ ಹೋಗುವವರು ಒಂದು ಸಂಗತಿ ನೆನಪಿಡಬೇಕು. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ; ಮೊದಲ ವಾರದಲ್ಲಿ ಬಾಯಿ ಒಣಗುವುದು, ಹೊಟ್ಟೆ ತೊಳೆಸುವುದು ಮಾತ್ರ ಕಾಣಬಹುದು. ಆ ವಾರದಲ್ಲೇ ಬಹಳ ಮಂದಿ ಮಾತ್ರೆ ಎಸೆಯುತ್ತಾರೆ. ಗುಣವಾಯಿತೆಂದು ತಾವೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಕಡಿಮೆ ಮಾಡುವುದೂ ನಿಲ್ಲಿಸುವುದೂ ವೈದ್ಯರ ಸಲಹೆಯಂತೆಯೇ ಆಗಬೇಕು. ಬೆಂಗಳೂರಿನಲ್ಲಿ ಚಿಕಿತ್ಸೆ ಆರಂಭಿಸಿದವರು ಆ ಚೀಟಿಯನ್ನು ಜೋಪಾನವಾಗಿಟ್ಟುಕೊಂಡು ಮಂಡ್ಯದ ವೈದ್ಯರಿಗೆ ತೋರಿಸಿದರೆ, ಪ್ರತಿ ತಿಂಗಳೂ ಮಾತ್ರೆಗಾಗಿ ಹೊಸೂರು ರಸ್ತೆಯವರೆಗೆ ಪ್ರಯಾಣ ಬೆಳೆಸುವುದು ಎಷ್ಟೋ ಮಂದಿಗೆ ತಪ್ಪುತ್ತದೆ.